ಮಲೆನಾಡಿನ ಬೇಲಿ

ಮಲೆನಾಡಿನಲ್ಲಿ ಒಂದು ಮನೆಯಿಂದ ಮತ್ತೊಂದು ಮನೆಗೆ ಕಾಲ್ನಡೆಯಲ್ಲಿ ಹೋಗುವವರು ನಾಲ್ಕಾರು ಬೇಲಿಗಳನ್ನಾದರೂ ದಾಟದೆ ಹೋಗಲಾರರು. ಬಯಲುಸೀಮೆಯ ಹೊಲಗಳಿಗೆ ಬದುವೇ ಗಡಿ. ಪೈರು ನಿಂತಿರುವ ಕಾಲದಲ್ಲಿ ದನಗಳ ಜೊತೆಗೆ ಕಾಯುವವರು ಇದ್ದೇ ಇರುತ್ತಾರೆ. ಮಲೆನಾಡಿನ ಸ್ಥಿತಿ ಬೇರೆ. ಇಲ್ಲಿ ಗದ್ದೆ, ತೋಟ, ಗುಡ್ಡ, ಕಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮನೆಗಳು ದೂರದೂರಕ್ಕೆ ಚದುರಿವೆ. ಬೆಳಗ್ಗೆ ಕೊಟ್ಟಿಗೆಯಿಂದ ಹೊರಟ ದನಗಳು ತಾವಾಗಿಯೇ ಗುಡ್ಡಕ್ಕೆ ಹೋಗಿ, ಮೇದು, ಸಂಜೆ ತಾವಾಗಿಯೇ ಹಿಂದಿರುಗುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹೀಗೆ ದನವನ್ನು ಬಿಟ್ಟು ಸಾಕಿದ ರೈತನು ಪೈರಿಗೆ ಬೇಲಿ ಹಾಕಬೇಕಾಯಿತು.

ಆದರೆ ದನಗಳು ಸ್ವೇಚ್ಛೆಯಾಗಿ ಮೇಯುತ್ತಿದ್ದ ಆ ಗುಡ್ಡಗಳು ಈಗ ಮೊದಲಿನಂತಿಲ್ಲ. ಕೆಲವೆಡೆ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದಿವೆ. ಕೆಲವೆಡೆ ತೋಟಗಳು ಗುಡ್ಡವನ್ನು ಏರಿವೆ. ಉಳಿದ ಸ್ವಲ್ಪ ಜಾಗದಲ್ಲಿ ಊರಿನ ದನಗಳೆಲ್ಲ ಮೇಯುತ್ತವೆ. ಹುಲ್ಲಿನ ಗರಿಯನ್ನು ದನ ಕಚ್ಚಿದಾಗ ಅದು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಬಳಸಿಕೊಂಡು ಮತ್ತೆ ಚಿಗುರುತ್ತದೆ. ಚಿಗುರಿದ ಕೂಡಲೇ ಇನ್ನೊಮ್ಮೆ, ಮತ್ತೊಮ್ಮೆ ಕಚ್ಚಿಸಿಕೊಂಡರೆ ಬೇರಿನ ಗಂಟು ಬರಿದಾಗಿ ಹುಲ್ಲು ಸಾಯುತ್ತದೆ. ಆ ತೆರವಿಗೆ ದನ ಮುಟ್ಟದ ಲಂಟಾನ, ಯುಪಟೋರಿಯಂಗಳು ಬಂದು ನೆಲೆಯೂರುತ್ತವೆ. ಆದುದರಿಂದ ಎರಡು ಮೂರು ಎಕರೆ ಬ್ಯಾಣವುಳ್ಳ ಸಣ್ಣ ರೈತನು ಇಂದು ಪೈರಿಗಲ್ಲದೆ ಹುಲ್ಲಿಗೂ ಬೇಲಿ ಹಾಕಬೇಕಾಗಿದೆ. ಬ್ಯಾಣವನ್ನು ಮೂರು ನಾಲ್ಕು ಪಾಲು ಮಾಡಿ, ಒಂದನ್ನು ಮೇಯಿಸುವಾಗ ಉಳಿದವುಗಳಿಗೆ ಮಳೆಗಾಲದಲ್ಲಿ ಮೂರು ನಾಲ್ಕು ವಾರಗಳ ಬಿಡುವು ಕೊಟ್ಟರೆ ಹುಲ್ಲು ಚೇತರಿಸಿಕೊಳ್ಳುತ್ತದೆ. ದನ ಹೊರಗೆ, ಪೈರು ಒಳಗೆ ಎಂಬ ಹಳೆಯ ಲೆಕ್ಕ ತಿರುವುಮುರುವಾಗಿ, ಈಗ ಬೇಲಿಯ ಒಳಗೇ ದನವಿರುವಂತಾಗಿದೆ.

ಇಳಿಜಾರಿನಲ್ಲಿ ಬೇಲಿ ಹಾಕುವುದೆಂದರೆ ಮೊದಲು ಅದರ ಜಾಡನ್ನು ನಿಶ್ಚಯಿಸುವುದು. ಕಂಬ, ತಂತಿಗಳ ಮಾತು ಆಮೇಲಿನದು. ದನಗಳಿಗೆ ಬೇಲಿಯ ಬದಿಯನ್ನೇ ಹಿಡಿದು ನಡೆಯುವ ಅಭ್ಯಾಸವುಂಟು. ಬೇಲಿಯು ಗುಡ್ಡದ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ಇಳಿದರೆ ಅದರ ಪಕ್ಕದಲ್ಲಿ ದನಗಳ ಕಾಲ್ದಾರಿಯೂ ನೆಟ್ಟಗೆ ಇಳಿಯುತ್ತದೆ. ಗೊರಸಿನಿಂದ ಸಡಿಲಗೊಂಡ ಮಣ್ಣನ್ನು ಜಡಿಮಳೆ ಕೊಚ್ಚಿಕೊಂಡು ಹೋಗಿ, ಕೆಲವೇ ಮಳೆಗಾಲಗಳಲ್ಲಿ ಆ ದಾರಿ ಕೊರಕಲಾಗುತ್ತದೆ. ಕೊನೆಗೆ ಕಂಬಗಳ ಬುಡವೇ ಬಯಲಾಗುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಬೇಲಿಯು ಗುಡ್ಡವನ್ನು ಸಮಮಟ್ಟದಲ್ಲಿ ಅಡ್ಡವಾಗಿ ಸುತ್ತಬೇಕು. ಇಳಿಯಲೇಬೇಕಾದ ಕಡೆ ನೀರು ಎರಡು ಬದಿಗೂ ಹಂಚಿಹೋಗುವ ದಿಣ್ಣೆಯ ಬೆನ್ನನ್ನು ಹಿಡಿದು ಇಳಿಯುವುದು ಲೇಸು. ಅಳತೆಯ ನಕ್ಷೆಯಲ್ಲಿ ಗಡಿಯ ಗೆರೆ ನೇರವಾಗಿರುತ್ತದೆ ನಿಜ, ಆದರೆ ಗಡಿಯ ಬೇಲಿ ಒಂದು, ಒಳಗಿನ ಪಾಲುಗಳ ಬೇಲಿ ಇನ್ನೊಂದು. ಎರಡನೆಯದಕ್ಕೆ ನಕ್ಷೆಯ ಹಂಗಿಲ್ಲ.

ಎತ್ತರದ ವಿಷಯದಲ್ಲಿಯೂ ಇಳಿಜಾರು ಮೋಸ ಮಾಡುತ್ತದೆ. ಧರೆಯ ಬುಡದಲ್ಲಿ ಹಾಕಿದ ನಾಲ್ಕು ಅಡಿಯ ಬೇಲಿಯು ಮೇಲುಗಡೆ ನಿಂತ ದನದ ಕಣ್ಣಿಗೆ ಎರಡೇ ಅಡಿಯಾಗಿ ತೋರಬಹುದು. ಮಲೆನಾಡು ಗಿಡ್ಡ ತಳಿಯ ಹಸುವಿನ ಎತ್ತರ ಸುಮಾರು ಮೂರು ಅಡಿ ಮಾತ್ರವಾದರೂ ಗುಡ್ಡ ಹತ್ತುವುದರಲ್ಲಿ, ಬೇಲಿ ಹಾರುವುದರಲ್ಲಿ ಅದಕ್ಕೆ ಸಮನಾದ ದನವಿಲ್ಲ. ಆದುದರಿಂದ ಬೇಲಿಯನ್ನು ಧರೆಯ ಬುಡದಲ್ಲಿ ಹಾಕದೆ ಅದರ ನೆತ್ತಿಯ ಮೇಲೆ, ಅಂಚಿನಿಂದ ತುಸು ಹಿಂದಕ್ಕೆ ಹಾಕಬೇಕು.

ಕಂಬಗಳಿಗೆ ಚೇಗು ಬಲಿತ ಮರವೇ ಆಗಬೇಕು. ಎಳೆಯ ಮರದ ಬಿಳಿಯ ಭಾಗವನ್ನು ಒರಲೆ ಒಂದೆರಡು ವರ್ಷಗಳಲ್ಲಿ ತಿಂದುಹಾಕುತ್ತದೆ. ನೆಲದೊಳಗೆ ಹೋಗುವ ತುದಿಯನ್ನು ಬೆಂಕಿಯಲ್ಲಿ ಕರಿಮಾಡಿ ಡಾಂಬರು ಬಳಿಯುವುದುಂಟು. ಕಂಬದ ಉದ್ದದಲ್ಲಿ ಮೂರನೆಯ ಒಂದು ಭಾಗದಷ್ಟು ನೆಲದೊಳಗಿರಬೇಕು. ಇಳಿಜಾರಿನಲ್ಲಿಯೂ ಕಂಬ ನೆಟ್ಟಗೆ ನಿಲ್ಲಬೇಕೇ ಹೊರತು ನೆಲಕ್ಕೆ ಲಂಬವಾಗಿ ವಾಲಬಾರದು. ಸಮತಟ್ಟಿನಲ್ಲಿ ಎಂಟು ಹತ್ತು ಅಡಿಗೊಂದು ಕಂಬ ಸಾಕು. ಏರುತಗ್ಗಿನಲ್ಲಿ ಅಂತರ ಕಡಿಮೆಯಾಗಬೇಕು. ಬೇಲಿಯ ನಿಜವಾದ ಬಲವಿರುವುದು ಮೂಲೆಗಂಬಗಳಲ್ಲಿ. ಎಲ್ಲ ತಂತಿಗಳ ಬಿಗಿತವನ್ನೂ ಅವು ಹೊರುತ್ತವೆ. ಅವುಗಳನ್ನು ಹೆಚ್ಚು ಆಳಕ್ಕೆ ಹೂಳುವುದಲ್ಲದೆ, ತಂತಿ ಯಾವ ಕಡೆಗೆ ಎಳೆಯುತ್ತದೆಯೋ ಆ ಕಡೆಯಿಂದಲೇ ಓರೆಯಾಗಿ ಊರೆಯನ್ನು ಕೊಡಬೇಕು. ಮೂಲೆಯಲ್ಲಿ ತಂತಿ ಎರಡು ದಿಕ್ಕಿಗೆ ಎಳೆಯುವುದರಿಂದ ಎರಡು ಊರೆಗಳು ಬೇಕು. ತಂತಿಯನ್ನು ದನವಿರುವ ಬದಿಗೇ ಹೊಡೆಯುವುದು ಕ್ರಮ. ಆಗ ದನ ಒತ್ತಿದರೆ ತಂತಿ ಕಂಬಕ್ಕೆ ಒರಗುತ್ತದೆ. ಇನ್ನೊಂದು ಬದಿಗೆ ಹೊಡೆದಿದ್ದರೆ ಮೊಳೆ ಕಿತ್ತುಬರುತ್ತದೆ.

ತಗ್ಗಿನಲ್ಲಿ ನಿಂತ ಕಂಬದ ಕಷ್ಟ ಬೇರೊಂದು ಬಗೆಯದು. ಒಂದು ದಾರವನ್ನು ಎರಡು ಕೈಗಳಲ್ಲಿ ಸಡಿಲವಾಗಿ ಹಿಡಿದು, ನಡುವೆ ಜೋತುಬಿದ್ದ ಭಾಗಕ್ಕೆ ಒಂದು ಕಡ್ಡಿಯನ್ನು ಕಟ್ಟಿ, ದಾರವನ್ನು ಬಿಗಿದು ನೋಡಿ. ಕಡ್ಡಿ ಮೇಲಕ್ಕೆ ಏಳುತ್ತದೆ. ಎರಡು ದಿಣ್ಣೆಗಳ ನಡುವೆ ಬಿಗಿದ ತಂತಿಯೂ ತಗ್ಗಿನ ಕಂಬವನ್ನು ಹೀಗೆಯೇ ನೆಲದಿಂದ ಎತ್ತಲು ಹವಣಿಸುತ್ತದೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಾದಾಗ ಕಂಬ ಕಿತ್ತು, ದನ ನುಸಿಯುವಷ್ಟು ಜಾಗವಾಗುತ್ತದೆ. ಕಂಬದ ಬುಡಕ್ಕೆ ದಪ್ಪ ತಂತಿಯಿಂದ ಭಾರವಾದ ಕಲ್ಲನ್ನು ಕಟ್ಟಿ ಹೂಳುವುದು ಇದಕ್ಕೆ ಪರಿಹಾರ. ತಗ್ಗಿನಲ್ಲಿ ಹಳ್ಳವಿದ್ದರೆ ಬೇಲಿಯ ತಂತಿಯನ್ನು ಅದರ ಮೇಲೆ ಹಾಯಿಸಲೇಬಾರದು. ತೇಲಿಬಂದ ದಿಮ್ಮಿ, ಕಸಕಡ್ಡಿಗಳು ಸಿಕ್ಕಿ ಇಡೀ ಸಾಲೇ ಉರುಳುತ್ತದೆ. ಎರಡೂ ದಡಗಳಲ್ಲಿ ಬೇಲಿಯನ್ನು ಮುಗಿಸಿ, ನಡುವೆ ಅಡ್ಡಲಾಗಿ ಒಂದು ಹಗ್ಗ ಬಿಗಿದು ಬಿದಿರ ಗಳುಗಳ ತಟ್ಟಿಯನ್ನು ತೂಗುಬಿಟ್ಟರೆ ನೆರೆ ಬಂದಾಗ ಅದು ಮೇಲಕ್ಕೆದ್ದು ದಾರಿ ಕೊಡುತ್ತದೆ, ನೀರು ಇಳಿದ ಮೇಲೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ.

ಮುಳ್ಳುತಂತಿಗೆ ಅಮೆರಿಕದ ಜೋಸೆಫ್ ಗ್ಲಿಡನ್ ಎಂಬ ರೈತನು ಪೇಟೆಂಟು ಪಡೆದುದು 1874ರಲ್ಲಿ. ಅದಕ್ಕೂ ಮುಂಚಿನಿಂದ ನಮ್ಮವರಿಗೆ ಅಗಳವಿತ್ತು. ಅಗಳವೆಂದರೆ ಗಡಿಯಲ್ಲಿ ತೋಡಿದ ಆಳವಾದ ಕಂದಕ. ತೆಗೆದ ಮಣ್ಣನ್ನು ಪೈರಿನ ಬದಿಗೆ ಏರಿಯಾಗಿ ಹಾಕಿದರೆ ಕಂದಕದ ಆಳವೂ ಏರಿಯ ಎತ್ತರವೂ ಕೂಡಿ ಬೇಲಿಯಾಗುತ್ತದೆ. ಸಮಮಟ್ಟದಲ್ಲಿ ಸಾಗುವ ಅಗಳ ಮಳೆಯ ನೀರನ್ನು ತಡೆದು ಇಂಗಿಸಿ ಕೆಳಗಿನ ತೋಟದ ಬಾವಿಗೂ ಉಪಕಾರ ಮಾಡುತ್ತದೆ. ಅದೇ ಅಗಳ ಇಳಿಜಾರಿನ ಗುಂಟ ಸಾಗಿದರೆ ಮೊದಲ ದೊಡ್ಡ ಮಳೆಗೇ ಹಳ್ಳವಾಗಬಲ್ಲದು. ಅಂಥಲ್ಲಿ ನಡುನಡುವೆ ತೋಡದೆ ಮಣ್ಣಿನ ಅಡ್ಡಗಟ್ಟೆಗಳನ್ನು ಉಳಿಸಿಕೊಳ್ಳಬೇಕು.

ಏರಿಯ ಮೇಲೆ ಜೀವಂತ ಬೇಲಿಯನ್ನು ಬೆಳೆಸುವುದು ಈ ಸೀಮೆಗೆ ಅತ್ಯಂತ ಒಪ್ಪುವ ಕ್ರಮ. ಮೊದಲ ಮಳೆ ಬಿದ್ದು ನೆಲ ನೆನೆದಾಗ ಗೊಬ್ಬರದ ಗಿಡ, ಹಾಲವಾಣಗಳ ಗೂಟಗಳನ್ನು ನೆಟ್ಟರೆ ಅವು ಬೇರು ಬಿಡುತ್ತವೆ. ಸತ್ತ ಕಂಬವನ್ನು ಒರಲೆ ತಿನ್ನುತ್ತದೆ. ಬದುಕಿರುವ ಕಂಬ ವರ್ಷದಿಂದ ವರ್ಷಕ್ಕೆ ದಪ್ಪನಾಗುತ್ತದೆ. ಗೊಬ್ಬರದ ಗಿಡದ ಸೊಪ್ಪು ಗದ್ದೆಗೆ ಗೊಬ್ಬರ, ಬಾಡಿಸಿ ಕೊಟ್ಟರೆ ದನಕ್ಕೆ ಮೇವು. ಸೊಪ್ಪನ್ನು ದನ ಮುಟ್ಟದಿರಬೇಕೆಂಬ ಕಡೆ ಲಕ್ಕಿಯನ್ನೂ, ನುಗ್ಗಲು ಬಾರದಂತಾಗಬೇಕಾದ ಕಡೆ ಸೀಗೆಯನ್ನೂ ಬೆಳೆಸುತ್ತಾರೆ. ಇಂಥ ಬೇಲಿ ದಟ್ಟವಾಗಲು ಮೂರು ನಾಲ್ಕು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಬಿದಿರು ಮುಳ್ಳಿನ ಆಸರೆ ಅನಿವಾರ್ಯ. ಹಾಗೆಂದು ತಂತಿಯನ್ನು ತೀರ ತೆಗಳಬೇಕಾಗಿಲ್ಲ. ಬೆಳೆಯುವ ಗೂಟಗಳಿಗೆ ಎರಡು ಎಳೆ ತಂತಿ ಕಟ್ಟಿದ ಬೇಲಿ ಎರಡರ ಗುಣವನ್ನೂ ಪಡೆದಿರುತ್ತದೆ.

ಕಾಡಂಚಿನ ರೈತರಿಗೆ ದನಕ್ಕಿಂತ ಕಾಡುಪ್ರಾಣಿಗಳ ಉಪದ್ರವವೇ ಹೆಚ್ಚು. ಕಾಟಿ, ಕಾಡುಹಂದಿ, ಆನೆಗಳ ಮುಂದೆ ಸಾಮಾನ್ಯ ಬೇಲಿ ನಿಲ್ಲದು. ಇದಕ್ಕೆಂದೇ ಬಂದಿರುವ ಸೌರ ಬೇಲಿಯಲ್ಲಿ ವಿದ್ಯುತ್ತು ನಿರಂತರವಾಗಿ ಹರಿಯುವುದಿಲ್ಲ. ಸುಮಾರು ಒಂದು ಸೆಕೆಂಡಿಗೊಮ್ಮೆ ಕ್ಷಣಾರ್ಧಕ್ಕಿಂತಲೂ ಕಡಿಮೆ ಹೊತ್ತು ಮಿಡಿಯುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆಗೆಯುತ್ತದೆ. ಮನೆಯ ಅಥವಾ ಪಂಪುಸೆಟ್ಟಿನ ವಿದ್ಯುತ್ತನ್ನೇ ನೇರವಾಗಿ ತಂತಿಗೆ ಹಾಯಿಸುವುದು ಇದಕ್ಕೆ ತೀರ ವಿರುದ್ಧವಾದುದು. ಅದು ಆನೆಯನ್ನು ಕೊಂದಂತೆಯೇ ಹುಲ್ಲು ಕೊಯ್ಯಲು ಬಂದ ಹೆಂಗಸನ್ನೂ, ಸಾಲೆಯಿಂದ ಹಿಂದಿರುಗುವ ಮಗುವನ್ನೂ ಕೊಲ್ಲುತ್ತದೆ. ಕಾನೂನಿನಂತೆ ಅದು ಅಪರಾಧ.

ನೆರೆಹೊರೆಯವರ ನಡುವಣ ವ್ಯಾಜ್ಯಗಳಲ್ಲಿ ಬೇಲಿಯದು ದೊಡ್ಡ ಪಾಲು. ಪರರ ಪೈರಿಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯುವ ಬಗ್ಗೆ 1871ರಲ್ಲಿಯೇ ಕಾನೂನು ಬಂದಿತ್ತು. ದನದ ವ್ಯಾಜ್ಯ ದಂಡ ತೆತ್ತರೆ ಮುಗಿಯುತ್ತದೆ. ದಾರಿಯ ವ್ಯಾಜ್ಯ ಹಾಗಲ್ಲ. ತನ್ನ ಬ್ಯಾಣಕ್ಕೆ ಬೇಲಿ ಹಾಕುವವನು ಎಷ್ಟೋ ಸಲ ಮೇಲಿನ ಮನೆಯವರು ನೀರಿಗೆ, ಸೌದೆಗೆ, ಪೇಟೆಗೆ ನಡೆಯುತ್ತಿದ್ದ ಜಾಡನ್ನೂ ಮುಚ್ಚಿಬಿಡುತ್ತಾನೆ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಗಾಡಿ, ದನಗಳು ಹಾಯುವಲ್ಲಿ ಎರಡು ತೂತುಗಂಬಗಳ ನಡುವೆ ಜಾರುವ ಗಳುಗಳ ಉಣುಗೋಲನ್ನು ಇಟ್ಟರು. ಜನ ಮಾತ್ರ ಹಾಯುವಲ್ಲಿ ತಡಬೆಯನ್ನು ಕಟ್ಟಿದರು. ಬೇಲಿಯ ಎರಡು ಬದಿಗೂ ಹತ್ತಿ ಇಳಿಯಲು ಮೆಟ್ಟಿಲಾಗುವಂತೆ ಕಲ್ಲನ್ನೋ ಕವಲುಮರವನ್ನೋ ನಿಲ್ಲಿಸಿದರೆ ತಡಬೆಯಾಯಿತು. ತಲೆಯ ಮೇಲೆ ಹೊರೆಯಿದ್ದವರೂ ಅದನ್ನು ದಾಟಬಲ್ಲರು, ದನ ದಾಟಲಾರದು. ತಂತಿಯ ಬೇಲಿಗಳು ಬಂದ ಮೇಲೆ ತಡಬೆಗಳು ಕಡಿಮೆಯಾಗಿವೆ. ಕೆಳಗಿನ ಎಳೆಯನ್ನು ತುಳಿದು, ಮೇಲಿನದನ್ನು ಎತ್ತಿ ಜನ ನುಸಿಯುತ್ತಾರೆ. ಬಟ್ಟೆ ಹರಿಯುತ್ತದೆ, ತಂತಿ ಸಡಿಲವಾಗುತ್ತದೆ, ಮರುದಿನ ಅದೇ ಸಂದಿನಲ್ಲಿ ಕರು ನುಗ್ಗುತ್ತದೆ. ಒಂದು ತಡಬೆ ಕಟ್ಟಲು ಬೇಕಾಗುವುದು ಎರಡು ಗಟ್ಟಿ ಕವಲುಗಳು, ಅರ್ಧ ದಿನದ ಕೆಲಸ.