ಸೀತನಿ ಹೊತ್ತಿಗೆ ಪಟ್ಟಣದ ನೆಂಟರು

ಹೈದರಾಬಾದಿನಲ್ಲಿ ನೌಕರಿ ಮಾಡುವ ದೂರದ ನೆಂಟರೊಬ್ಬರು ಕೇಳಿದರು: "ಮಕ್ಕಳ ಸೂಟಿಯಾಗ ನಾಲ್ಕು ದಿನ ನಿಮ್ಮ ಹೊಲದಾಗ ಇರ್ತೀವಿ. ಖರ್ಚು ಕೊಡ್ತೀವಿ. ಯಾವಾಗ ಬರೋಣ?" ನಾನು "ಯಾವಾಗ ಬೇಕಾದರೂ ಬರ್ರಿ" ಅಂದುಬಿಟ್ಟೆ. ತಪ್ಪಾದದ್ದು ಅಲ್ಲೇ.

ಬಂದದ್ದು ದಸರಾ ಸೂಟಿಗೆ. ಹಿಂದಿನ ರಾತ್ರಿ ಮಳೆ. ಬೀದರ ಊರು ಕೆಂಪುಕಲ್ಲಿನ ದಿಬ್ಬದ ಮೇಲಿದೆ, ಅಷ್ಟೂರ ಅದರ ಕೆಳಗೆ. ನಮ್ಮದು ಎರೆ ಹೊಲ. ಅವರ ಕಾರು ಬದುವಿನ ಹತ್ತಿರ ಹೂತಿತು, ಎತ್ತು ಹೂಡಿ ಎಳೆಸಬೇಕಾಯಿತು. ತೊಗರಿಗೆ ಔಷಧ ಹೊಡೆದು ಎರಡು ದಿನ ಆಗಿತ್ತು, ಮಕ್ಕಳನ್ನು ಹೊಲಕ್ಕೆ ಬಿಡುವಂತಿಲ್ಲ. ನಾವೆಲ್ಲ ಸೋಯಾ ರಾಶಿಯಲ್ಲಿ. ಮೂರನೇ ದಿನ ಅವರ ನಾಲ್ಕು ವರ್ಷದ ಹುಡುಗ ಆಮೆ ನೋಡುತ್ತೇನೆಂದು ಕಟ್ಟೆ ಇಲ್ಲದ ಬಾವಿಗೆ ಬಗ್ಗಿದ. ನಮ್ಮವ್ವ ಅಂಗಿ ಹಿಡಿದು ಎಳೆದಳು. ಅಂಗಿ ಹರಿಯಿತು, ಹುಡುಗ ಉಳಿದ.

ಆಮೇಲೆ ಒಂದು ವರ್ಷ ಯಾರನ್ನೂ ಕರೆಯಲಿಲ್ಲ. ಮತ್ತೆ ಕರೆಯಬೇಕೆನಿಸಿದಾಗ ಮೊದಲು ಮಾಡಿದ ಕೆಲಸ ಬಾವಿಗೆ ಎದೆಮಟ್ಟದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ. ಎರಡನೆಯದು ಪಾಯಖಾನೆ. ಇವೆರಡೂ ಇಲ್ಲದವರು ಪಟ್ಟಣದ ಕುಟುಂಬ ಕರೆಯುವ ಮಾತೇ ಎತ್ತಬಾರದು.

ಮೂರನೆಯದು ಕಾಲ. ನಮ್ಮ ಕಡೆ ಹೊಲದಲ್ಲಿ ಇರುವುದಕ್ಕೆ ಸರಿಯಾದದ್ದು ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿವರೆಗೆ. ಎಳ್ಳ ಅಮಾವಾಸ್ಯೆಗೆ ನಾವೇ ಮನೆಮಂದಿಯೆಲ್ಲ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಚಳಿ ಹಿತ, ನೆಲ ಗಟ್ಟಿ, ಹಸಿಕಡಲೆ ಸಿಗುತ್ತದೆ, ಜೋಳ ಹಾಲುಗಾಳಿಗೆ ಬಂದಿರುತ್ತದೆ. ಕರಾವಳಿಯ ಓದುಗರಿಗೆ ಒಂದು ಮಾತು: ಹಾಲು ಇಂಗಿ ಕಾಳು ಇನ್ನೂ ಮೆತ್ತಗಿರುವ ಹಿಂಗಾರಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಬಿಸಿಯಿದ್ದಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದರೆ ಅದು ಸೀತನಿ. ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು ಜತೆಗಿರಬೇಕು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನೇ ಹುರಡಾ ಅನ್ನುತ್ತಾರೆ. ಅದನ್ನು ತಿನ್ನಲೆಂದೇ ಪಟ್ಟಣದ ಮಂದಿ ರೊಕ್ಕ ಕೊಟ್ಟು ಹೊಲಕ್ಕೆ ಬರುತ್ತಾರೆ. ಆ ಸರಕಾರ 2020ರಲ್ಲಿ ಕೃಷಿ ಪ್ರವಾಸಕ್ಕೆ ಒಂದು ನೀತಿಯನ್ನೇ ಮಾಡಿತು.

ತೊಡಕು ಏನೆಂದರೆ ಒಂದು ಪಟ್ಟಿಯ ತೆನೆ ಸೀತನಿಗೆ ಯೋಗ್ಯವಾಗಿರುವುದು ಎಂಟ್ಹತ್ತು ದಿನ ಮಾತ್ರ. ಆಮೇಲೆ ಕಾಳು ಬಿರುಸು. ಹಾಗಾಗಿ ಅತಿಥಿಗಳ ದಿನ ಗೊತ್ತು ಮಾಡಬೇಕಾದದ್ದು ಜನವರಿಯಲ್ಲಲ್ಲ, ಬಿತ್ತುವಾಗ. ನಾನು ಬಾವಿಯ ಹತ್ತಿರ ಮೂರು ಸಣ್ಣ ಪಟ್ಟಿ ಮಾಡಿ ಸೆಪ್ಟೆಂಬರ್ ಕೊನೆಯಿಂದ ಹತ್ತು ಹನ್ನೆರಡು ದಿನಕ್ಕೊಂದರಂತೆ ಬಿತ್ತುತ್ತೇನೆ. ಬಿತ್ತಿದ ಸುಮಾರು ಮೂರು ತಿಂಗಳಿಗೆ ತೆನೆ ಹದಕ್ಕೆ ಬರುತ್ತದೆ, ಚಳಿ ಜೋರಿದ್ದರೆ ನಾಲ್ಕಾರು ದಿನ ತಡ. ಬಿತ್ತಿದ ದಿನವೇ ಕಾಗದ ಬರೆಯುತ್ತೇನೆ. ಹಕ್ಕಿ ಕಾಯುವ ಕೆಲಸ ಬಂದ ಮಕ್ಕಳದ್ದು. ಕವಣಿ ಕೊಡಬೇಡಿ, ಒಬ್ಬರ ತಲೆ ಒಡೆಯುತ್ತದೆ. ಹಳೆಯ ಡಬ್ಬಿ, ಕೋಲು ಸಾಕು.

ದನದ ವಿಷಯ. ನಮ್ಮಲ್ಲಿರುವುದು ದೇವಣಿ ತಳಿ, ಈ ಭಾಗದ್ದೇ. ಸಾಮಾನ್ಯವಾಗಿ ಸಾಧು. ಮೈ ಬಿಳಿ ಮುಖ ಕಪ್ಪು ಇದ್ದರೆ ವಾನೇರಾ, ಕಪ್ಪು-ಬಿಳಿ ಮಚ್ಚೆಯಿದ್ದರೆ ಶೇವರಾ. ಮಕ್ಕಳಿಗೆ ಇಷ್ಟು ಹೇಳಿಕೊಟ್ಟರೆ ಊರ ದನವೆಲ್ಲ ಗುರುತಿಸುತ್ತಾ ಅರ್ಧ ದಿನ ಕಳೆಯುತ್ತಾರೆ. ಆದರೆ ಹೊಸದಾಗಿ ಈದ ಆಕಳ ಹತ್ತಿರ ಬಿಡಬೇಡಿ, ಎಷ್ಟೇ ಸಾಧುವಾದರೂ ಕರುವಿಗಾಗಿ ಹಾಯುತ್ತದೆ. ಜೋಳದ ಎಳೆ ಸಸಿ, ಕೊಯ್ದ ಮೇಲಿನ ಕೂಳೆ ಚಿಗುರು ಕಿತ್ತು ದನಕ್ಕೆ ತಿನ್ನಿಸಲು ಬಿಡಬಾರದು. ಅದರಲ್ಲಿ ವಿಷವಿರುತ್ತದೆ, ದನ ಸಾಯಬಹುದು. ಮಕ್ಕಳು ಪ್ರೀತಿಯಿಂದಲೇ ತಿನ್ನಿಸಿಬಿಡುತ್ತಾರೆ, ಬಂದ ದಿನವೇ ಹೇಳಿಬಿಡಿ.

ಬರುವವರಿಗೆ ಕಾಗದದಲ್ಲಿ ಕೇಳುವುದು: ಮಕ್ಕಳ ವಯಸ್ಸು, ಯಾರಿಗಾದರೂ ದಮ್ಮು ಉಂಟೇ, ಏನು ತಿಂದರೆ ಆಗದು. ಕಾಲು ಮುಚ್ಚುವ ಬೂಟು, ಬ್ಯಾಟರಿ ತರಲು ಹೇಳಬೇಕು. ಹಾವು ಕಡಿದರೆ ಮಂತ್ರ, ನಾಟಿ ಔಷಧವೆಂದು ಹೊತ್ತು ಕಳೆಯದೆ ನೇರ ದವಾಖಾನೆಗೆ. ಬೀದರ ಮೂರ್ನಾಲ್ಕು ಕಿಲೋಮೀಟರು ಎನ್ನುವುದು ನಮ್ಮ ಪುಣ್ಯ. ಸಂಜೆ ಅಷ್ಟೂರಿನ ಗುಮ್ಮಟಗಳಿಗೆ ಕರೆದೊಯ್ಯುತ್ತೇನೆ. 1436ರಲ್ಲಿ ತೀರಿದ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ ದೊಡ್ಡವರಿಗೆ. ಸಿಡಿಲಿಗೆ ಒಡೆದು ಅರ್ಧ ಉಳಿದ ಹುಮಾಯೂನನ ಗುಮ್ಮಟ ಮಕ್ಕಳಿಗೆ.

ಇನ್ನು ರೊಕ್ಕ. ಅವ್ವ ಮೊದಲ ದಿನವೇ ಕೇಳಿದಳು: "ಉಂಡ ಮಂದಿ ಕಡಿಂದ ರೊಕ್ಕ ಇಸ್ಕೋತಿಯೇನೋ?" ಉತ್ತರ ತೋಚಲಿಲ್ಲ. ಆಮೇಲೆ ಓದಿದೆ, ಅಮೆರಿಕದ ದನಗಾರರಿಗೂ ಇದೇ ಪೇಚು ಬಂದಿತ್ತಂತೆ. 1880ರ ದಶಕದಲ್ಲಿ ಡಕೋಟಾದ ಈಟನ್ ಸೋದರರ ದನದ ಹಟ್ಟಿಗೆ ಪೂರ್ವದ ಪಟ್ಟಣಗಳಿಂದ ಗೆಳೆಯರು ಬಂದು ವಾರಗಟ್ಟಲೆ ಉಳಿಯತೊಡಗಿದರು. ಖರ್ಚು ತಾಳದಾಗ ಹಣ ತೆಗೆದುಕೊಳ್ಳುವುದು ಶುರುವಾಯಿತು. ಅಲ್ಲಿ ಪಟ್ಟಣದ ಷೋಕಿಯವನಿಗೆ 'ಡ್ಯೂಡ್' ಅನ್ನುತ್ತಾರೆ, ಅದರಿಂದ ಅಂಥ ಹಟ್ಟಿಗೆ ಡ್ಯೂಡ್ ರಾಂಚ್ ಎಂದು ಹೆಸರು. 1926ರಲ್ಲಿ ಅವರದೊಂದು ಸಂಘವೂ ಆಯಿತು. ಅಲ್ಲಿ ಕುದುರೆ ಸವಾರಿ, ನಮ್ಮಲ್ಲಿ ಎತ್ತಿನ ಬಂಡಿ.

ಅವ್ವನಿಗೆ ಇದನ್ನು ಹೇಳಿದೆ. ಒಪ್ಪಲಿಲ್ಲ. ಕೊನೆಗೆ ಆದ ರಾಜಿ ಇದು: ಇರುವ ಕೋಣೆಗೆ, ಅವರಿಗಾಗಿ ನಿಲ್ಲಿಸಿದ ಆಳಿನ ಕೂಲಿಗೆ ಹಣ, ಊಟಕ್ಕಿಲ್ಲ. ಹೋಗುವಾಗ ತೊಗರಿಬೇಳೆ, ಜೋಳದ ಹಿಟ್ಟು, ತುಪ್ಪ ಕೊಂಡೊಯ್ದರೆ ಪೇಟೆ ದರ. ಲೆಕ್ಕ ಹಾಕಿದರೆ ಹೆಚ್ಚು ಖರ್ಚಾಗುವುದು ಊಟಕ್ಕೇ. ಅದನ್ನು ಅವ್ವನ ಮುಂದೆ ಇನ್ನೂ ಎತ್ತಿಲ್ಲ. ಈ ಸಲದ ಮೊದಲ ಪಟ್ಟಿ ಬಿತ್ತಿಯಾಗಿದೆ, ಬಾವಿಗೆ ಬಗ್ಗಿದ ಹುಡುಗನ ಮನೆಗೂ ಕಾಗದ ಹಾಕಿದ್ದೇನೆ.