ಕೀಮೋ ಬಿಟ್ಟು ಲಕ್ಷ್ಮಣ ಫಲದ ಕಷಾಯ?

ಪ್ರಶ್ನೆ: ನನ್ನ ಅಮ್ಮನಿಗೆ 56 ವರ್ಷ. ಸ್ತನ ಕ್ಯಾನ್ಸರಿಗೆ ಹಿಂದೆ ಆಪರೇಷನ್ ಆಗಿತ್ತು. ಈಗ ಮೂಳೆಗೂ ಶ್ವಾಸಕೋಶಕ್ಕೂ ಹರಡಿದೆ ಎಂದು ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಡ್ರಿಪ್ ಹಾಕುತ್ತಿದ್ದಾರೆ. ಕೂದಲೆಲ್ಲ ಉದುರಿದೆ, ಬೆರಳು ಜೋಮು ಹಿಡಿಯುತ್ತದೆ. ನೆಂಟರು, ‘ಈ ಕೆಮಿಕಲ್ ಸಾಕು, ಲಕ್ಷ್ಮಣ ಫಲದ ಎಲೆ ಕಷಾಯ, ಅರಿಶಿನದ ಕ್ಯಾಪ್ಸೂಲ್ ಕೊಡಿ, ಗಿಡಮೂಲಿಕೆಯಿಂದ ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ಅಮ್ಮನಿಗೂ ಅದೇ ಮನಸ್ಸು. ಕೊಡಬಹುದೇ ಡಾಕ್ಟರೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಮ್ಮನಿಗೆ ಹಾಕುತ್ತಿರುವ ಡ್ರಿಪ್ಪೇ ಗಿಡಮೂಲಿಕೆಯದು ಎಂದು ಮೊದಲು ನೆಂಟರಿಗೆ ಹೇಳಿ. ಪ್ಯಾಕ್ಲಿಟಾಕ್ಸೆಲ್ ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳ ಯೂ ಮರದ ತೊಗಟೆಯಲ್ಲಿ. ತೊಗಟೆ ಸಂಗ್ರಹಿಸಿದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಅದರ ರಚನೆ ಬಿಡಿಸಿಟ್ಟಿದ್ದು 1971ರಲ್ಲಿ. ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ದೊರೆತದ್ದು 1994ರಲ್ಲಿ. ತೊಗಟೆಯಿಂದ ಬಾಟಲಿಗೆ ಬರಲು ಮೂವತ್ತು ವರ್ಷಕ್ಕೂ ಹೆಚ್ಚು. ಎಷ್ಟು ಕೊಟ್ಟರೆ ಗೆಡ್ಡೆ ಕುಗ್ಗುತ್ತದೆ, ಎಷ್ಟು ಕೊಟ್ಟರೆ ರೋಗಿಯೇ ಕುಸಿಯುತ್ತಾರೆ ಎಂಬುದನ್ನು ಆ ವರ್ಷಗಳಲ್ಲಿ ಅಳೆದು ನೋಡಿದ್ದಾರೆ.

ಜೀವಕೋಶ ಎರಡಾಗುವಾಗ ಅದರೊಳಗೆ ಸೂಕ್ಷ್ಮ ನಾಳಗಳ ಚೌಕಟ್ಟೊಂದು ಕಟ್ಟಿಕೊಂಡು ಮತ್ತೆ ಬಿಚ್ಚಿಕೊಳ್ಳಬೇಕು. ಈ ಔಷಧ ಬಿಚ್ಚಲು ಬಿಡುವುದಿಲ್ಲ. ಕೋಶ ಅಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಕೂದಲ ಬುಡದ ಕೋಶಗಳೂ ಬೇಗಬೇಗ ಹೆಚ್ಚುವಂಥವು, ನರಗಳೊಳಗೂ ಅಂಥದೇ ನಾಳಗಳಿವೆ. ಉದುರಿದ ಕೂದಲಿಗೂ ಜೋಮಿಗೂ ಕಾರಣ ಅದೇ. ಗಿಡದಿಂದ ಬಂದದ್ದಕ್ಕೆ ಅಡ್ಡ ಪರಿಣಾಮ ಇಲ್ಲ ಎನ್ನುವವರಿಗೆ ಅಮ್ಮನ ಬೆರಳುಗಳೇ ಉತ್ತರ.

ಅಂಗಳದ ನಿತ್ಯಪುಷ್ಪದ ಕಥೆಯೂ ಕೇಳುವಂಥದ್ದು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆಂದು ಅದರ ಎಲೆಯ ಕಷಾಯ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಇಳಿದದ್ದು ಬಿಳಿ ರಕ್ತಕಣ! ಆ ಎಲೆಯಿಂದ ವಿನ್‌ಬ್ಲಾಸ್ಟೀನ್ ಬಂತು. ಅದೇ ಗಿಡದ ಸಾರವನ್ನು ಮಾರ್ಪಡಿಸಿದ ವಿನೊರೆಲ್ಬಿನ್ ಹರಡಿದ ಸ್ತನ ಕ್ಯಾನ್ಸರಿಗೆ ಇಂದಿಗೂ ಬಳಕೆಯಲ್ಲಿದೆ. ಶುಗರ್‌ಗೆಂದು ಬೆಳಿಗ್ಗೆ ಇದರ ಎಲೆ ಅಗಿಯುವವರು ನಮ್ಮಲ್ಲೂ ಇದ್ದಾರೆ. ಅಮ್ಮನಿಗೆ ಆ ಅಭ್ಯಾಸವಿದ್ದರೆ ಬಿಡಿಸಿ. ಕೀಮೋದಿಂದ ಬಿಳಿಕಣ ಮೊದಲೇ ತಗ್ಗಿರುತ್ತದೆ.

ನಿಮ್ಮ ಕಡೆಯ ಘಟ್ಟಗಳಲ್ಲಿ ಬೆಳೆಯುವ ನೋಥಪೊಡೈಟಿಸ್ ಎಂಬ ಸಣ್ಣ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಸಾರವಿದೆ. ಅದರ ಕುಲದ ಅಣುವೊಂದನ್ನು ಪ್ರತಿಕಾಯದ ಬೆನ್ನಿಗೆ ಕಟ್ಟಿ ಗೆಡ್ಡೆಗೆ ಕಳಿಸುವ ಸಾಸಿಟುಜುಮಾಬ್ ಗೋವಿಟೆಕಾನ್‌ಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಹರಡಿದ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರಿಗೆ. ಹಾಗೆಂದು ಯಾರೂ ಆ ಮರದ ಚಕ್ಕೆ ಕುದಿಸಲು ಹೋಗಬೇಡಿ, ಅದು ವಿಷ.

ಇನ್ನು ಅರಿಶಿನ. ಪ್ರಯೋಗಶಾಲೆಯ ತಟ್ಟೆಯಲ್ಲಿ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ. ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 2020ರಲ್ಲಿ ಪ್ರಕಟವಾದ ಅರ್ಮೇನಿಯಾದ ಅಧ್ಯಯನವೊಂದರಲ್ಲಿ, ಕಾಯಿಲೆ ಹರಡಿದ್ದ 150 ಮಹಿಳೆಯರ ಪೈಕಿ ಪ್ಯಾಕ್ಲಿಟಾಕ್ಸೆಲ್ ಜೊತೆ ಕರ್ಕ್ಯುಮಿನ್ ಪಡೆದವರಲ್ಲಿ ಹೆಚ್ಚು ಮಂದಿಯ ಗೆಡ್ಡೆ ಕುಗ್ಗಿತು. ಆಸೆ ಹುಟ್ಟಿಸುವ ಸುದ್ದಿಯೇ. ಆದರೆ ಅವರಿಗೆ ಕೊಟ್ಟದ್ದು ರಕ್ತನಾಳದ ಮೂಲಕ, ಅದೂ ಪ್ಯಾಕ್ಲಿಟಾಕ್ಸೆಲ್ ನಿಲ್ಲಿಸದೆ. ಸಾರಿನ ಅರಿಶಿನ ಎಂದಿನಂತಿರಲಿ. ಕಾಳುಮೆಣಸಿನ ಸಾರ ಸೇರಿಸಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟವರಿದ್ದಾರೆ. ಪ್ಯಾಕ್ಲಿಟಾಕ್ಸೆಲ್ ಕರಗಿ ಹೊರಹೋಗಬೇಕಾದದ್ದೂ ಲಿವರ್ ಮೂಲಕವೇ. ಆ ಕ್ಯಾಪ್ಸೂಲ್ ಬೇಡ.

ಲಕ್ಷ್ಮಣ ಫಲದ ಕಷಾಯವೂ ಬೇಡ. ಹರಡಿದ ಸ್ತನ ಕ್ಯಾನ್ಸರನ್ನು ಅದು ತಡೆಯುತ್ತದೆ ಎಂದು ಮನುಷ್ಯರಲ್ಲಿ ಸಾಬೀತಾಗಿಲ್ಲ. ಅದರಲ್ಲಿರುವ ಅನೊನಾಸಿನ್ ನರಗಳಿಗೆ ವಿಷ. ಕೆರಿಬಿಯನ್ನಿನ ಗ್ವಾಡಲೂಪ್‌ನಲ್ಲಿ ಈ ಹಣ್ಣು, ಎಲೆಯ ಬಳಕೆಗೂ ಪಾರ್ಕಿನ್ಸನ್‌ನಂಥ ನಡುಕದ ಕಾಯಿಲೆಗೂ ನಂಟು ಕಂಡಿದೆ. ಬೆರಳು ಜೋಮು ಹಿಡಿದವರಿಗೆ ಇದನ್ನು ಕುಡಿಸುವುದೇ?

ಜೋಮಿನ ಬಗ್ಗೆ ನಿಮ್ಮ ವೈದ್ಯರಿಗೆ ಈ ವಾರವೇ ಹೇಳಿ. ಗುಂಡಿ ಹಾಕಲು ಕಷ್ಟ, ಚಪ್ಪಲಿ ಕಾಲಿಂದ ಜಾರುವುದು ಗೊತ್ತಾಗುವುದಿಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದರೆ ಡೋಸ್ ಇಳಿಸುತ್ತಾರೆ, ಇಲ್ಲವೇ ಔಷಧ ಬದಲಿಸುತ್ತಾರೆ. ಕಷಾಯ ಈಗಾಗಲೇ ಶುರುವಾಗಿದ್ದರೆ ಅದನ್ನೂ ಮುಚ್ಚಿಡಬೇಡಿ, ಪುಡಿಯ ಪೊಟ್ಟಣವನ್ನೇ ತೋರಿಸಿ. ಬೈಸಿಕೊಂಡರೂ ಪರವಾಗಿಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.