ಸಬ್ಬತ್: ಶನಿವಾರವೋ ಭಾನುವಾರವೋ?

ಹೆತ್ತೂರು, ಆಲೂರಿನ ಕಡೆಯಿಂದ ಕೆಎಎಸ್‌ಗೆ ಓದುವವರು ಸಬ್ಬತ್ ಎಂಬ ವಿಶ್ರಾಂತಿ ದಿನದ ಈ ಪ್ರಶ್ನೆಯನ್ನು ಬರೀ ಧರ್ಮದ ವಿಷಯವೆಂದು ಬಿಟ್ಟುಬಿಡಬಾರದು. ಇತಿಹಾಸ, ಕಾನೂನು, ಕ್ಯಾಲೆಂಡರ್ ಮೂರೂ ಇಲ್ಲಿ ಸೇರುತ್ತವೆ.

ಬೈಬಲಿನ ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಗೆ ಹೇಳಿರುವುದು ಏಳನೆಯ ದಿನ, ಅಂದರೆ ಶನಿವಾರ. ಯೇಸು ಪುನರುತ್ಥಾನಗೊಂಡದ್ದು ವಾರದ ಮೊದಲ ದಿನವಾದ್ದರಿಂದ ಆದಿಕಾಲದ ಕ್ರೈಸ್ತರು ಭಾನುವಾರ ಕೂಡತೊಡಗಿದರು. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದ. ಬೇಸಾಯಗಾರರಿಗೆ ಮಾತ್ರ ವಿನಾಯಿತಿ ಕೊಟ್ಟ. ಬೆಳೆ ಕಾಯುವುದಿಲ್ಲ ಎಂಬುದು ಅರಸನಿಗೂ ಗೊತ್ತಿತ್ತು! ಅದೇ ಶತಮಾನದ ಲವೊದಿಕೀಯದ ಧರ್ಮಸಭೆ ಶನಿವಾರ ಕೆಲಸ ಬಿಡುವುದನ್ನೇ ತಡೆಯಿತು. ಇಥಿಯೋಪಿಯದ ಕ್ರೈಸ್ತ ಸಂಪ್ರದಾಯ ಮಾತ್ರ ಎರಡೂ ದಿನಗಳನ್ನು ಗೌರವಿಸುತ್ತದೆ.

ಪ್ರಾಟೆಸ್ಟಂಟ್ ಸುಧಾರಣೆಯ ನಂತರ ಚರ್ಚೆ ಮತ್ತೆ ಎದ್ದಿತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಶನಿವಾರವನ್ನೇ ಸಬ್ಬತ್ ಎನ್ನುವ ಸೆವೆಂತ್ ಡೇ ಬ್ಯಾಪ್ಟಿಸ್ಟರು ಹುಟ್ಟಿದರು. 1863ರಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಶನಿವಾರವನ್ನೇ ಪಾಲಿಸುವ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆ ಸಂಘಟಿತವಾಯಿತು.

ಕರ್ನಾಟಕದ ನಂಟೂ ಉಂಟು. 1915ರಲ್ಲಿ ಕೊಯಮತ್ತೂರಿನಲ್ಲಿ ಶುರುವಾದ ಅಡ್ವೆಂಟಿಸ್ಟರ ತರಬೇತಿ ಶಾಲೆ 1917ರಲ್ಲಿ ಬೆಂಗಳೂರಿನ ಕೃಷ್ಣರಾಜಪುರಕ್ಕೆ ಬಂತು. ಅಲ್ಲಿ ಸ್ಪೈಸರ್ ಕಾಲೇಜಾಗಿ ಬೆಳೆದು 1942ರಲ್ಲಿ ಪುಣೆಗೆ ಹೋಯಿತು. ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯ ಲೌರಿ ಮೆಮೋರಿಯಲ್ ಕೂಡ ಇದೇ ಪಂಥದ ಶಿಕ್ಷಣ ಸಂಸ್ಥೆ.

ಅಡ್ವೆಂಟಿಸ್ಟರ ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ಸೂರ್ಯಾಸ್ತಕ್ಕೆ ಮುಗಿಯುತ್ತದೆ. ಶುಕ್ರವಾರ ಹೊತ್ತು ಮುಳುಗುವ ಮೊದಲೇ ಮನೆ ಒರೆಸಿ, ಬಟ್ಟೆ ಇಸ್ತ್ರಿ ಮಾಡಿ, ಮರುದಿನದ ಅಡುಗೆಯನ್ನೂ ಆದಷ್ಟು ಮುಗಿಸಿಡುತ್ತಾರೆ. ಶನಿವಾರ ಪರೀಕ್ಷೆ ಬಿದ್ದರೆ ಈ ಮನೆಗಳ ಮಕ್ಕಳಿಗೆ ನಿಜವಾದ ಸಂಕಟ. ಬೇರೆ ದಿನ ಪರೀಕ್ಷೆ ಕೊಡಿ ಎಂಬ ಅವರ ಮನವಿಯನ್ನು ಧಾರ್ಮಿಕ ಸ್ವಾತಂತ್ರ್ಯ ಕುರಿತ ಸಂವಿಧಾನದ 25ನೇ ವಿಧಿಯ ಜೊತೆಗಿಟ್ಟು ಓದಬೇಕು.